ಡಿಕಾಕ್ಷನ್ ಮತ್ತೆ ಇಬ್ಬರಿಗೆ: ಒಂಟಿಯಾಗಿರುವ ಹಿರಿಯರಿಗೆ ಮನೆಯಲ್ಲೇ ಜೊತೆ ಹುಡುಕುವುದು ಹೇಗೆ?

ಪ್ರಶ್ನೆ: ನನ್ನ ತಾಯಿಗೆ 74 ವರ್ಷ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಒಬ್ಬರೇ ಇದ್ದಾರೆ. ಅಪ್ಪ ತೀರಿಕೊಂಡು ಎರಡು ವರ್ಷವಾಗುತ್ತಾ ಬಂತು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ತಮ್ಮ ಅಮೆರಿಕದಲ್ಲಿದ್ದಾನೆ. ಮನೆ ಬಿಟ್ಟು ಬರಲು ಅಮ್ಮ ಒಪ್ಪುವುದಿಲ್ಲ. ಬಿಪಿ, ಮಂಡಿನೋವು ಬಿಟ್ಟರೆ ದೊಡ್ಡ ಕಾಯಿಲೆ ಏನಿಲ್ಲ. ಆದರೆ ದಿನಕ್ಕೆ ಆರೇಳು ಸಲ ಫೋನ್ ಮಾಡುತ್ತಾರೆ. ಗ್ಯಾಸ್ ಬುಕ್ ಆಯ್ತಾ, ಕರೆಂಟ್ ಬಿಲ್ ಕಟ್ಟಿದೆಯಾ ಅಂತ ಕೇಳುತ್ತಾರೆ. ಏಜೆನ್ಸಿಯಿಂದ ಒಬ್ಬರನ್ನು ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಇರಲು ಗೊತ್ತುಮಾಡಿದೆವು. ಹನ್ನೊಂದನೇ ದಿನ ಅಮ್ಮನೇ ಅವರನ್ನು ಕಳಿಸಿಬಿಟ್ಟರು. 'ನನಗೇನಾಗಿದೆ ಅಂತ ಆಯಾ?' ಅಂದರು. ಹಾಲ್‌ನಲ್ಲಿ ಕ್ಯಾಮೆರಾ ಹಾಕಿಸಿದರೆ ಅದರ ಮೇಲೆ ಟವೆಲ್ ಹೊದಿಸಿದ್ದಾರೆ. ಭಜನೆಗೆ ಹೋಗುವುದು ಬಿಟ್ಟಿದ್ದಾರೆ. ದಸರಾಕ್ಕೆ ಗೊಂಬೆ ಕೂರಿಸುವುದನ್ನೂ ನಿಲ್ಲಿಸಿದ್ದಾರೆ. ಜೊತೆಗೆ ಯಾರನ್ನಾದರೂ ಇಡಬೇಕಾ? ಇಡುವುದಾದರೆ ಹೇಗೆ?

ಉತ್ತರ: ಹೌದು, ನಿಮ್ಮ ಅಮ್ಮನಿಗೆ ಜೊತೆ ಬೇಕು. ಆದರೆ ಏಜೆನ್ಸಿಯಿಂದ ನೀವು ಕರೆಸಿದ್ದು ನೋಡಿಕೊಳ್ಳುವವರನ್ನು. ಅಮ್ಮ ಬೇಡ ಅಂದಿದ್ದು ಅದನ್ನು.

ನಾನು ಆಪ್ತಸಮಾಲೋಚಕಿ. ಮೈಸೂರು, ಮಂಡ್ಯ ಕಡೆ ಹಿರಿಯರ ಮನೆಗಳಿಗೆ ಹೋಗಿ ಕೂತು ಮಾತಾಡುವುದೇ ನನ್ನ ಕೆಲಸ. 'ಇಟ್ಟವರನ್ನು ಅಮ್ಮನೇ ಕಳಿಸಿಬಿಟ್ಟರು' ಅನ್ನುವ ಮಾತನ್ನು ಎಷ್ಟೋ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಆ ಹನ್ನೊಂದು ದಿನ ಅಮ್ಮನಿಗೆ ಹೇಗಿದ್ದಿರಬಹುದು, ಒಂದು ಸಲ ಯೋಚಿಸಿ. ಇಷ್ಟು ವರ್ಷ ತಾವೇ ಆಳಿದ ಅಡುಗೆಮನೆ. ಅಲ್ಲಿಗೆ ಯಾರೋ ಬಂದು 'ನೀವು ಕೂತ್ಕೊಳ್ಳಿ ಅಮ್ಮ, ನಾನು ಮಾಡ್ತೀನಿ' ಅನ್ನುತ್ತಾರೆ. ಸೌಟು ಬೇರೆ ಮೊಳೆಗೆ ಹೋಗುತ್ತದೆ. ಉಪ್ಪಿನ ಭರಣಿ ಬೇರೆ ಕಡೆ ಸಿಗುತ್ತದೆ. ಕೆಲಸ ಮುಗಿದ ಮೇಲೆ ಅವರು ಮೊಬೈಲ್ ಹಿಡಿದು ಕೂರುತ್ತಾರೆ, ಅಮ್ಮ ಟಿವಿ ಮುಂದೆ. ಹೀಗೆ ಹನ್ನೆರಡು ಗಂಟೆ. ಆ ಹೆಂಗಸಿನದೂ ತಪ್ಪಿಲ್ಲ. ಬಿದ್ದುಬಿಡದ ಹಾಗೆ ನೋಡಿ, ಹೊತ್ತಿಗೆ ಮಾತ್ರೆ ಕೊಡಿ ಅಂತ ಅವರಿಗೆ ಹೇಳಿದ್ದು ನಾವೇ.

ಮನೆಯಲ್ಲಿ ಜನ ಇಲ್ಲ ಅನ್ನುವುದಷ್ಟೇ ಒಂಟಿತನ ಆಗಿದ್ದರೆ ಹನ್ನೆರಡು ಗಂಟೆ ಜನ ಇದ್ದಾಗ ಅದು ಹೋಗಬೇಕಿತ್ತು. ಇಷ್ಟು ವರ್ಷದ ಕೆಲಸದಲ್ಲಿ ನಾನು ಕಂಡಿದ್ದು ಇದು: ವಯಸ್ಸಾದವರನ್ನು ಜಾಸ್ತಿ ಕೊರೆಯುವುದು 'ನನ್ನಿಂದ ಈಗ ಯಾರಿಗೂ ಏನೂ ಆಗಬೇಕಾಗಿಲ್ಲ' ಅನ್ನುವ ಭಾವನೆ. ಎಲ್ಲರೂ ಕೊಡುವವರೇ, ತಾನು ತೆಗೆದುಕೊಳ್ಳುವವಳು ಮಾತ್ರ. ಅದಕ್ಕೇ ನಾನು ಜೊತೆ ಹುಡುಕುವಾಗ ಒಂದೇ ವಿಷಯ ನೋಡುತ್ತೇನೆ. ಬರುವವರಿಗೆ ಈ ಹಿರಿಯರಿಂದ ಏನಾದರೂ ಸಿಗುತ್ತದಾ? ಸಿಗುವುದಿಲ್ಲ ಅಂದರೆ ಆ ಜೊತೆ ಬಹಳ ದಿನ ಬಾಳುವುದಿಲ್ಲ.

ಇದು ಸಣ್ಣ ವಿಷಯ ಅಂತ ತಮ್ಮನಿಗೆ ಅನ್ನಿಸಿದರೆ ಅವನಿಗೆ ಅವನ ದೇಶದ ಮಾತನ್ನೇ ಹೇಳಿ. ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ದೊಡ್ಡ ವೈದ್ಯರು) ಆಗಿದ್ದ ಡಾ. ವಿವೇಕ್ ಮೂರ್ತಿ ಅವರ ತಂದೆಯ ಊರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. 2023ರ ಮೇ ತಿಂಗಳಲ್ಲಿ ಅವರು ಒಂಟಿತನದ ಬಗ್ಗೆ ಇಡೀ ದೇಶಕ್ಕೆ ಎಚ್ಚರಿಕೆ ಕೊಟ್ಟರು. ಜನರ ಒಡನಾಟ ಕಡಿದುಹೋದರೆ ಆಯುಸ್ಸಿಗೆ ಆಗುವ ಪೆಟ್ಟು ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಹತ್ತಿರ ಅಂದರು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಅನ್ನುತ್ತದೆ. ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಅದರ ನಂಟಿದೆ ಅಂತ ಲೆಕ್ಕ ಕೊಟ್ಟಿದೆ.

ಇನ್ನೊಂದು ಮಾತು. ಹಸಿವು, ಬಾಯಾರಿಕೆಯ ಹಾಗೆ ಒಂಟಿತನವೂ ದೇಹ ಕೊಡುವ ಸೂಚನೆ ಅಂತ ಜಾನ್ ಕ್ಯಾಸಿಯೊಪ್ಪೊ ಅನ್ನುವ ಮನಶ್ಶಾಸ್ತ್ರಜ್ಞರು ಹೇಳುತ್ತಿದ್ದರು. ಆ ಹಸಿವನ್ನು ಬಹಳ ದಿನ ಹಾಗೇ ಬಿಟ್ಟರೆ ಮನಸ್ಸು ಹತ್ತಿರ ಬಂದವರನ್ನೂ ಅನುಮಾನದಿಂದ ನೋಡಲು ಶುರುಮಾಡುತ್ತದೆ. ಜೊತೆ ಬೇಕು ಅಂತ ಒಳಗೆ ಇರುತ್ತದೆ, ಬಂದವರನ್ನು ಕಂಡರೆ ಬೇಡ ಅನ್ನಿಸುತ್ತದೆ. ಅಮ್ಮನದು ಹಟ ಅಂತ ನಿಮಗೆ ಕಾಣುವುದರಲ್ಲಿ ಇದೂ ಒಂದು ಪಾಲು ಇರಬಹುದು. ಹಾಗಾಗಿ ಮೆಲ್ಲಗೆ ಹೋಗಬೇಕು.

ಈಗ ಭಜನೆ ಬಿಟ್ಟ ವಿಷಯಕ್ಕೆ ಬರುತ್ತೇನೆ. ಯಾಕೆ ಬಿಟ್ಟರು ಅಂತ ನೀವು ಬರೆದಿಲ್ಲ. ನನಗೆ ಎರಡು ಅನುಮಾನ.

ಒಂದು, ಕಿವಿ. ಸರಸ್ವತಿಪುರಂನಲ್ಲಿ ಒಬ್ಬ ಹಿರಿಯರನ್ನು ನೋಡಲು ಹೋಗುತ್ತಿದ್ದೆ. ತುಂಬಾ ಚೆನ್ನಾಗಿ ಹಾಡುವವರು. ಮಂಡಳಿಗೆ ಹೋಗುವುದನ್ನು ನಿಲ್ಲಿಸಿದ್ದರು. 'ಈಗಿನವರು ಬರೀ ಗೊಣಗ್ತಾರೆ ಕಣಮ್ಮ, ಮಾತಾಡೋದೇ ಗೊತ್ತಿಲ್ಲ' ಅನ್ನುತ್ತಿದ್ದರು. ಎಲ್ಲರೂ ಗೊಣಗುತ್ತಾರೆ ಅಂತ ಹಿರಿಯರು ಹೇಳಲು ಶುರುಮಾಡಿದರೆ ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ಹತ್ತು ಜನರ ಮಧ್ಯೆ ಕೂತು ಯಾರೋ ನಕ್ಕಾಗ ತಾನೂ ಸುಮ್ನೆ ನಗುವುದು ಎಷ್ಟು ಸುಸ್ತು ಅನ್ನುವುದು ಕಿವಿ ಮಂದವಾದವರಿಗೇ ಗೊತ್ತು. ಕೊನೆಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ಮೈಸೂರಿನವರಿಗೆ ಇದರಲ್ಲಿ ಒಂದು ಅದೃಷ್ಟ ಇದೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಬೇರೆ ರಾಜ್ಯಗಳಿಂದ ಜನ ಹುಡುಕಿಕೊಂಡು ಬರುವ ಜಾಗ, ಕುವೆಂಪುನಗರದಿಂದ ಆಟೋದಲ್ಲಿ ಹೋಗಿಬರಬಹುದು. ಕಿವಿಗೆ ಕೇಳುವ ಯಂತ್ರ ಹಾಕಿಸಿದ ಮೇಲೆ ಮೊದಲ ಕೆಲವು ವಾರ ಎಲ್ಲ ಸದ್ದೂ ಜೋರಾಗಿ ಕೇಳಿ ಕಿರಿಕಿರಿ ಆಗುತ್ತದೆ. ಅಷ್ಟಕ್ಕೇ ಡಬ್ಬಿಗೆ ಹಾಕಿಡಲು ಬಿಡಬೇಡಿ, ವಾಪಸ್ ಕರೆದುಕೊಂಡು ಹೋಗಿ ಸರಿಮಾಡಿಸಿ. ಕಿವಿ ಕೇಳದವರಿಗೆ ಎಂಥ ಒಳ್ಳೆಯ ಜೊತೆಗಾತಿಯನ್ನು ತಂದರೂ ಪ್ರಯೋಜನ ಕಡಿಮೆ. ಕಿವುಡು ಮುಂದೆ ಮರೆವಿನ ಕಾಯಿಲೆಗೂ ದಾರಿ ಮಾಡಿಕೊಡಬಹುದು ಅಂತ ವೈದ್ಯರು ಈಗ ಹೇಳುತ್ತಿದ್ದಾರೆ.

ಎರಡನೆಯದು, ಹೇಳಲು ಸ್ವಲ್ಪ ಕಷ್ಟದ ವಿಷಯ. ನಮ್ಮ ಬಡಾವಣೆಗಳಲ್ಲಿ ಆ ವಯಸ್ಸಿನ ಹೆಂಗಸರ ಒಡನಾಟ ನಡೆಯುವುದು ಅರಿಶಿನ ಕುಂಕುಮದ ದಾರಿಯಲ್ಲಿ. ಶ್ರಾವಣ ಶುಕ್ರವಾರ, ಗೌರಿ ಹಬ್ಬ, ನವರಾತ್ರಿಯ ಸಂಜೆಗಳು. 'ಸಾಯಂಕಾಲ ಕುಂಕುಮಕ್ಕೆ ಬನ್ನಿ' ಅಂತ ಒಂದು ಕರೆ. ಗಂಡ ಹೋದ ಮೇಲೆ ಆ ಕರೆ ನಿಂತುಹೋಗುತ್ತದೆ. ಯಾರೂ ಬೇಕಂತ ಮಾಡುವುದಿಲ್ಲ. 'ಕರೆದರೆ ಅವರಿಗೆ ಬೇಜಾರಾಗುತ್ತೇನೋ' ಅಂತ ಕರೆಯುವವರು ಸುಮ್ಮನಾಗುತ್ತಾರೆ, 'ನಾನು ಹೋದರೆ ಏನಂದುಕೊಳ್ಳುತ್ತಾರೋ' ಅಂತ ಇವರು ಒಳಗೇ ಉಳಿಯುತ್ತಾರೆ. ನಲವತ್ತು ವರ್ಷ ಹೋಗಿಬರುತ್ತಿದ್ದ ಹತ್ತು ಮನೆ ಒಂದೇ ವರ್ಷದಲ್ಲಿ ಮುಚ್ಚಿಕೊಳ್ಳುತ್ತದೆ. ನಿಮ್ಮ ಅಪ್ಪನ ಜೊತೆ ನಿಮ್ಮ ಅಮ್ಮ ಕಳೆದುಕೊಂಡಿದ್ದು ಅಪ್ಪನನ್ನು ಮಾತ್ರ ಅಲ್ಲ. ಇದನ್ನು ಮಕ್ಕಳು ಗಮನಿಸುವುದು ಅಪರೂಪ, ಅಮ್ಮಂದಿರು ಬಾಯಿಬಿಟ್ಟು ಹೇಳುವುದೂ ಇಲ್ಲ. ನನಗೆ ಇದರ ಬಗ್ಗೆ ತುಂಬಾ ನೋವಿದೆ. ನೀವು ಊರಿಗೆ ಬಂದಾಗ ಅಕ್ಕಪಕ್ಕದ ಎರಡು ಮನೆಗೆ ಹೋಗಿ ನೇರವಾಗಿ ಹೇಳಿ: 'ಆಂಟೀ, ಅಮ್ಮನನ್ನು ಮೊದಲಿನ ಹಾಗೇ ಕರೀರಿ. ಹೂವು ಕೊಡಿ, ಪ್ರಸಾದ ಕೊಡಿ, ಕೂರಿಸಿಕೊಂಡು ಮಾತಾಡಿಸಿ.' ಎಷ್ಟೋ ಜನ ಇಂಥ ಒಂದು ಮಾತಿಗೇ ಕಾಯುತ್ತಿರುತ್ತಾರೆ.

ಫೋನ್ ವಿಷಯ. ಗ್ಯಾಸ್ ಬುಕ್ ಆಯ್ತಾ ಅನ್ನುವುದು ಬಹುಶಃ ನೆಪ. ಸುಮ್ನೆ ಮಾಡಿದರೆ ಮಗಳ ಕೆಲಸ ಕೆಡುತ್ತದೆ, ಏನಾದರೂ ಕಾರಣ ಬೇಕಲ್ಲ. ಆದರೂ ಒಂದು ವಿಷಯ ಪರೀಕ್ಷೆ ಮಾಡಿ ನೋಡಿ. ಬೆಳಗ್ಗೆ ನೀವು ಕೊಟ್ಟ ಉತ್ತರ ಮಧ್ಯಾಹ್ನ ಅವರಿಗೆ ನೆನಪಿದೆಯಾ? ನೆನಪಿದ್ದೂ ಹೊಸ ನೆಪ ಹುಡುಕುತ್ತಿದ್ದರೆ ಅದು ಮಾತಿನ ಹಸಿವು. ಕೇಳಿದ್ದನ್ನೇ ಮೊದಲ ಸಲ ಎಂಬಂತೆ ಮತ್ತೆ ಮತ್ತೆ ಕೇಳುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಆಗ ಥೈರಾಯ್ಡ್, ಬಿ12 ರಕ್ತಪರೀಕ್ಷೆಯನ್ನೂ ಮಾಡಿಸಿ. ಈ ಎರಡರ ಕೊರತೆಯಿಂದಲೂ ಮರೆವು, ಮಂಕು ಬರುತ್ತದೆ, ಅದಕ್ಕೆ ಔಷಧಿ ಇದೆ.

ಸರಿ, ಜೊತೆಗೆ ಯಾರು ಬೇಕು? ದೂರದಿಂದ ಬರುವವರಿಗಿಂತ ನಡೆದುಕೊಂಡು ಬರುವಷ್ಟು ಹತ್ತಿರದವರು ಮೇಲು. ಮೂರು ತರಹದ ಜನರ ಜೊತೆ ಇದು ಚೆನ್ನಾಗಿ ನಡೆದಿದ್ದನ್ನು ನೋಡಿದ್ದೇನೆ. ನಿವೃತ್ತರಾದ ಟೀಚರ್, ನರ್ಸ್, ಬ್ಯಾಂಕಿನವರು. ಐವತ್ತೈದು ಅರವತ್ತರ ಆಸುಪಾಸು, ಮಕ್ಕಳು ದೊಡ್ಡವರಾಗಿ ಕೈ ಬಿಡುವಾಗಿರುವವರು. ಇನ್ನೊಂದು, ಹಳ್ಳಿಯಿಂದ ಬಂದು ಮೈಸೂರಿನಲ್ಲಿ ಓದುತ್ತಿರುವ ಡಿಗ್ರಿ, ಎಂ.ಎ. ಹುಡುಗಿಯರು. ಹಾಸ್ಟೆಲ್ ಊಟ ತಿಂದು ಸಾಕಾಗಿರುವ ಹುಡುಗಿಗೆ ವಾರಕ್ಕೆ ಮೂರು ಸಂಜೆ ಒಂದು ಮನೆಯ ಅಡುಗೆ ಅಂದರೆ ಸಣ್ಣದಲ್ಲ. ಮತ್ತೊಂದು, ಅದೇ ಬೀದಿಯಲ್ಲಿ ಹೊಲಿಗೆ, ಹೂ ಕಟ್ಟುವುದು, ಹಪ್ಪಳ ಸಂಡಿಗೆ ಅಂತ ಮನೆಯಲ್ಲೇ ಕೆಲಸ ಮಾಡುವ ಹೆಂಗಸರು. ಅವರು ತಮ್ಮ ಕೆಲಸವನ್ನೇ ತಂದು ಅಮ್ಮನ ಹಾಲ್‌ನಲ್ಲಿ ಕೂತು ಮಾಡಬಹುದು. ಕೈಗೆ ಕೆಲಸ ಇದ್ದರೆ ಮಾತು ತಾನಾಗೇ ಬರುತ್ತದೆ.

ದುಡ್ಡು ಕೊಡಿ. ಜೊತೆಗೆ ಕೂರುವುದಕ್ಕೆ ದುಡ್ಡಾ ಅಂತ ನಮ್ಮಲ್ಲಿ ಹಿಂಜರಿಯುತ್ತಾರೆ. ಅವರ ಹೊತ್ತಿಗೆ ಬೆಲೆ ಇದೆ. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಗಂಟೆ ಅಂದರೆ ತಿಂಗಳಿಗೆ ಸುಮಾರು 24 ಗಂಟೆ. ಏಜೆನ್ಸಿಯವರು ಎರಡೇ ದಿನಕ್ಕೆ ಕೂರುತ್ತಿದ್ದ ಹೊತ್ತು ಅದು. ಆದರೆ ತಿಂಗಳ ಉದ್ದಕ್ಕೂ ಹಂಚಿಹೋಗುತ್ತದೆ. ಮುಂಬೈನಲ್ಲಿ 2022ರಲ್ಲಿ ರತನ್ ಟಾಟಾ ಅವರ ಬೆಂಬಲದಿಂದ ಗುಡ್‌ಫೆಲೋಸ್ ಅನ್ನುವ ಸಂಸ್ಥೆ ಶುರುವಾಯಿತು. ಓದು ಮುಗಿಸಿದ ಹುಡುಗ ಹುಡುಗಿಯರು ಸಂಬಳಕ್ಕೇ ಹಿರಿಯರ ಜೊತೆ ಹೊತ್ತು ಕಳೆಯುತ್ತಾರೆ. ಹಾಗಾಗಿ ಇದು ನಾಚಿಕೆಪಡುವ ವಿಷಯ ಅಲ್ಲವೇ ಅಲ್ಲ.

ಯಾವ ಹೊತ್ತಿಗೆ ಬರಬೇಕು ಅನ್ನುವುದು ಮುಖ್ಯ. ಬೆಳಗ್ಗೆ ಹೇಗೋ ಕಳೆಯುತ್ತದೆ. ಹಾಲು, ಪೇಪರ್, ಪೂಜೆ, ಕೆಲಸದವರು. ಊಟ ಆದ ಮೇಲೆ ಮನೆ ನಿಶ್ಶಬ್ದ ಆಗುತ್ತದೆ. ದೀಪ ಹಚ್ಚುವ ಹೊತ್ತು ಎಲ್ಲಕ್ಕಿಂತ ಕಷ್ಟ. ಅಪ್ಪ ವಾಕಿಂಗ್ ಮುಗಿಸಿ ಗೇಟು ತೆಗೆಯುತ್ತಿದ್ದ ಹೊತ್ತು ಅದು ಅಲ್ವಾ? ನಾಲ್ಕರಿಂದ ಆರರವರೆಗೆ ಇಟ್ಟುಕೊಳ್ಳಿ. ಇಂಥ ದಿನ, ಇಂಥ ಗಂಟೆ ಅಂತ ಪಕ್ಕಾ ಇರಲಿ, ಅದೇ ವ್ಯಕ್ತಿಯೇ ಬರಲಿ. ವಾರಕ್ಕೊಬ್ಬರನ್ನು ಬದಲಾಯಿಸಿದರೆ ಪ್ರತಿಸಲ ಪರಿಚಯ ಹೇಳಿಕೊಳ್ಳುವುದೇ ಆಗುತ್ತದೆ.

ಗೋಕುಲಂನಲ್ಲಿ ಒಬ್ಬ ಅಜ್ಜಿಯ ಮನೆಗೆ ಮೊದಲ ಸಲ ಹೋದಾಗ ನನಗೆ ಇನ್‌ಸ್ಟಂಟ್ ಕಾಫಿ ಕೊಟ್ಟರು. ಬಿಸಿ ಹಾಲಿಗೆ ಒಂದು ಚಮಚ ಹಾಕಿ ಕಲಕಿದ್ದು. ಹಿತ್ತಾಳೆ ಫಿಲ್ಟರ್ ಮೇಲಿನ ಕಪಾಟಿನಲ್ಲಿತ್ತು. ತಳದಲ್ಲಿ ಹಸಿರು ಕಿಲುಬು ಹಿಡಿದಿತ್ತು. ಯಾಕೆ ಅಂದೆ. 'ಒಬ್ಬಳಿಗೆ ಯಾರು ಡಿಕಾಕ್ಷನ್ ಹಾಕ್ತಾರೆ?' ಅಂದರು. ಅವರಿಗೆ ಜೊತೆಯಾಗಿ ಎಂ.ಎ. ಓದುವ ಹುಡುಗಿಯೊಬ್ಬಳು ಮಂಗಳವಾರ, ಗುರುವಾರ, ಶನಿವಾರ ನಾಲ್ಕಕ್ಕೆ ಬರಲು ಶುರುಮಾಡಿದಳು. ಮೂರನೇ ವಾರ ನಾನು ಹೋದಾಗ ಫಿಲ್ಟರ್ ಹುಣಸೆಹಣ್ಣು ಹಾಕಿ ತಿಕ್ಕಿ ಪಳಪಳ ಅನ್ನುತ್ತಿತ್ತು. ಮೂರು ಗಂಟೆಗೇ ಪುಡಿ ಹಾಕಿ, ಬಿಲ್ಲೆ ಒತ್ತಿ, ಬಿಸಿನೀರು ಹುಯ್ದು ಮುಚ್ಚಿಟ್ಟಿದ್ದರು. ಆಮೇಲೆ ಸೆರಗು ಸರಿಮಾಡಿಕೊಂಡು ಮುಂಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತಿದ್ದರು. ಅವಳು ಬರುವುದು ನಾಲ್ಕಕ್ಕೆ. ಆದರೆ ಅಜ್ಜಿಯ ಮನೆಗೆ ಜನ ಬಂದಿದ್ದು ಮೂರಕ್ಕೇ. ಬರುತ್ತಾರೆ ಅಂತ ಕಾಯುವ ಹೊತ್ತೂ ಒಂಟಿತನದ ಲೆಕ್ಕದಿಂದ ಕಡಿಮೆಯಾಗುತ್ತದೆ.

ಅಮ್ಮನ ಹತ್ತಿರ ಹೇಗೆ ಪ್ರಸ್ತಾಪ ಮಾಡುವುದು? ಸುಳ್ಳು ಹೇಳಬೇಡಿ. 'ಸುಮ್ನೆ ಪರಿಚಯದವರು ಬರ್ತಾರೆ' ಅಂತ ಹೇಳಿ ಆಮೇಲೆ ದುಡ್ಡಿನ ವಿಷಯ ಗೊತ್ತಾದರೆ ಅವರಿಗೆ ಮೋಸ ಹೋದ ಹಾಗೆ ಆಗುತ್ತದೆ. 'ಅಮ್ಮಾ, ಸಂಜೆ ನೀನೊಬ್ಬಳೇ ಇರ್ತೀಯ ಅಂತ ನನಗೇ ಒಂಥರಾ ಆಗುತ್ತೆ. ವಾರಕ್ಕೆ ಎರಡು ದಿನ ಒಬ್ಬರು ಬಂದು ಹೋಗಲಿ. ಒಂದು ತಿಂಗಳು ನೋಡು, ಸರಿಹೋಗದಿದ್ದರೆ ಬೇಡ ಅನ್ನು' ಅಂತ ಹೇಳಿ. ಆಯ್ಕೆ ಅವರದೇ ಆಗಿರಲಿ. ಇಬ್ಬರನ್ನು ಕರೆಸಿ, ಅಮ್ಮನೇ ಮಾತಾಡಿಸಿ ನೋಡಲಿ. ಯಾವ ದಿನ, ಎಷ್ಟು ಹೊತ್ತು ಅನ್ನುವುದನ್ನೂ ಅವರೇ ಹೇಳಲಿ. ಮನೆ ಅವರದು, ಬರುವವರು ಅತಿಥಿ. ಇದು ಅಡಿಗಲ್ಲು ಇದ್ದ ಹಾಗೆ. ಮತ್ತೆ, ಆ ಕ್ಯಾಮೆರಾ ತೆಗೆಸಿಬಿಡಿ. ಟವೆಲ್ ಹಾಕಿ ಅವರು ನಿಮಗೆ ಉತ್ತರ ಕೊಟ್ಟಾಗಿದೆ. ಬಿದ್ದರೆ ಗೊತ್ತಾಗಬೇಕು ಅನ್ನುವುದು ನಿಮ್ಮ ಭಯ, ಅದು ನ್ಯಾಯವೇ. ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ, ಪಕ್ಕದ ಮನೆಯಲ್ಲಿ ಒಂದು ಕೀ ಇಡಿ, ಬೆಳಗ್ಗೆ ಏಳಕ್ಕೆ ಒಂದು ಫೋನ್ ಇರಲಿ.

ಇಲ್ಲಿ ಖಾರವಾಗಿ ಒಂದು ಮಾತು ಹೇಳಬೇಕು. ಬರುವವರಿಗೆ ಬೇರೆ ಲೋಟ, ಬೇರೆ ಜಾಗ ಅಂತ ಇಟ್ಟರೆ ಅದು ಜೊತೆ ಆಗುವುದಿಲ್ಲ. ನಮ್ಮ ಕಡೆ ಇನ್ನೂ ಇದೆ, ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಮಡಿ ಹುಡಿ ಇದ್ದರೆ ದೇವರ ಮನೆ ಮಟ್ಟಿಗೆ ಇಟ್ಟುಕೊಳ್ಳಲಿ. ಕೂರುವ ಸೋಫಾ, ಕುಡಿಯುವ ಲೋಟ ಒಂದೇ ಆಗಿರಬೇಕು. ಇದು ಅಮ್ಮನಿಗೆ ಆಗುವುದಿಲ್ಲ ಅಂದರೆ ಮೊದಲು ಅವರ ಹತ್ತಿರ ಮಾತಾಡಿ, ಆಮೇಲೆ ಯಾರನ್ನಾದರೂ ಕರೆಯಿರಿ. ಅವಮಾನ ನುಂಗಿಕೊಂಡು ಕೂತವರು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ.

ಬಂದ ಮೇಲೆ ಏನು ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಎದುರುಬದುರು ಕೂತು 'ಊಟ ಆಯ್ತಾ? ಮಾತ್ರೆ ತಗೊಂಡ್ರಾ? ನಿದ್ದೆ ಬಂತಾ?' ಅಂತ ಕೇಳಿದರೆ ಮೂರು ನಿಮಿಷಕ್ಕೆ ಮಾತು ಮುಗಿಯುತ್ತದೆ. ನಾನೂ ಮೊದಮೊದಲು ಒಂದು ಫಾರಂ ಹಿಡಿದು ಹೋಗುತ್ತಿದ್ದೆ. ಒಬ್ಬ ಅಜ್ಜಿ ನಾಲ್ಕನೇ ಪ್ರಶ್ನೆಗೆ ಎದ್ದು ಒಳಗೆ ಹೋಗಿಬಿಟ್ಟರು, ಮತ್ತೆ ಹೊರಗೆ ಬರಲಿಲ್ಲ. ಅವತ್ತೇ ಫಾರಂ ಬಿಟ್ಟೆ. ಇಬ್ಬರ ಮಧ್ಯೆ ಒಂದು ವಸ್ತು ಇರಬೇಕು. ಅವರೆಕಾಯಿ ಕಾಲ ಆದರೆ ಒಂದು ಮೊರ ಅವರೆಕಾಯಿ. ಚೌಕಾಬಾರದ ಮಣೆ, ನಾಲ್ಕು ಕವಡೆ. ಮಲ್ಲಿಗೆ ಮೊಗ್ಗು ಮತ್ತು ದಾರ. ಸಾರಿನಪುಡಿ ಹುರಿಯುವ ಬಾಣಲೆ. 'ಮೆಂತ್ಯ ಯಾವಾಗ ಹಾಕೋದು?' ಅಂತ ಹುಡುಗಿ ಕೇಳಿದರೆ ಸಾಕು, ಅಲ್ಲಿಂದ ಅಮ್ಮನ ಅತ್ತೆಮನೆ, ಮೊದಲ ಸಲ ಪುಡಿ ಸೀದುಹೋಗಿದ್ದು, ಮಾವ ಬೈಯದೆ ತಿಂದಿದ್ದು ಎಲ್ಲ ಬರುತ್ತದೆ.

ಹಳೆಯದನ್ನೇ ಹೇಳುತ್ತಾರೆ ಅಂತ ಬೇಜಾರು ಮಾಡಿಕೊಳ್ಳಬಾರದು. ವಯಸ್ಸಾದವರು ಹಿಂದಿನದನ್ನು ನೆನೆಸಿಕೊಳ್ಳುವುದು ಬುದ್ಧಿ ಮಂಕಾಗುವ ಲಕ್ಷಣ ಅಂತ ಹಿಂದೆ ಅಂದುಕೊಂಡಿದ್ದರು. 1963ರಲ್ಲಿ ರಾಬರ್ಟ್ ಬಟ್ಲರ್ ಅನ್ನುವ ಮನೋವೈದ್ಯರು ಹಾಗಲ್ಲ ಅಂದರು. ಬಾಳಿದ್ದನ್ನು ಒಂದು ಸಲ ತಿರುಗಿ ನೋಡಿ ಲೆಕ್ಕ ಸರಿಮಾಡಿಕೊಳ್ಳುವುದು ಆ ವಯಸ್ಸಿನ ಸಹಜ ಕೆಲಸ ಅಂತ ಬರೆದರು. ಕೇಳಲು ಒಬ್ಬರಿದ್ದರೆ ಆ ಕೆಲಸ ನಡೆಯುತ್ತದೆ. ಹಾಗೇ, ಅಪ್ಪನ ಮಾತು ಬಂದಾಗ ವಿಷಯ ಬದಲಾಯಿಸಬೇಡಿ ಅಂತ ಬರುವವರಿಗೆ ಹೇಳಿಡಿ. ಅಮ್ಮ ಅತ್ತರೆ ಅಳಲಿ. 'ಅಳಬೇಡಿ ಅಮ್ಮ' ಅನ್ನುವುದರ ಬದಲು 'ಆಮೇಲೆ ಏನಾಯ್ತು?' ಅಂದರೆ ಸಾಕು.

ಮಾತು ಬರದ ದಿನ ರೇಡಿಯೊ ಹಾಕಿ. ಮೈಸೂರು ಆಕಾಶವಾಣಿ 100.6ರಲ್ಲಿ ಬರುತ್ತದೆ. ಇಬ್ಬರು ಸುಮ್ನೆ ಕೂತು ಒಂದೇ ಹಾಡು ಕೇಳುವುದೂ ಜೊತೆಯೇ. 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಈ ಬಾನುಲಿಯನ್ನು ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ನಮ್ಮ ಊರಿನ ರೇಡಿಯೊ ಮನಸ್ಸನ್ನು ಓದಿದವರ ಮನೆಯಲ್ಲಿ ಹುಟ್ಟಿತು ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ.

ತರಬೇತಿ ಇಲ್ಲದವರು ಇದನ್ನೆಲ್ಲ ಮಾಡಬಲ್ಲರಾ ಅನ್ನುವ ಸಂದೇಹ ನಿಮಗಿರಬಹುದು. ಅಮೆರಿಕದ ಟೆಕ್ಸಸ್‌ನಲ್ಲಿ 2020ರ ಕೋವಿಡ್ ಕಾಲದಲ್ಲಿ ಒಂದು ಅಧ್ಯಯನ ನಡೆಯಿತು. ಮನೆಗೆ ಊಟ ತರಿಸಿಕೊಳ್ಳುತ್ತಿದ್ದ 240 ಜನ, ಅವರಲ್ಲಿ ಹಿರಿಯರೇ ಜಾಸ್ತಿ. ಅರ್ಧ ಜನಕ್ಕೆ ನಾಲ್ಕು ವಾರ ಫೋನ್ ಮಾಡಿ ಮಾತಾಡಿಸಿದರು. ಮಾಡಿದವರು 17ರಿಂದ 23 ವರ್ಷದ ಹುಡುಗ ಹುಡುಗಿಯರು. ಅಕ್ಕರೆಯಿಂದ ಕೇಳಿಸಿಕೊಳ್ಳುವುದು ಹೇಗೆ ಅಂತ ಸ್ವಲ್ಪ ಹೇಳಿಕೊಟ್ಟಿದ್ದರು, ಅಷ್ಟೇ. ಮಾತು ಎತ್ತ ಹೋಗಬೇಕು ಅನ್ನುವುದನ್ನು ಎದುರಿನವರಿಗೇ ಬಿಟ್ಟಿದ್ದರು. ಫೋನ್ ಬಂದವರಲ್ಲಿ ಒಂಟಿತನ, ಖಿನ್ನತೆ, ಆತಂಕ ಮೂರೂ ಕಡಿಮೆಯಾಯಿತು. ಫೋನಿನಲ್ಲೇ ಇಷ್ಟಾದರೆ ಎದುರಿಗೆ ಕೂತಾಗ ಏಕಾಗದು?

ಇದನ್ನು ಓದುವ ಕೆಲವರ ಮನೆಯಲ್ಲಿ ಒಂಟಿಯಾಗಿರುವುದು ಅಪ್ಪ. ಗಂಡಸರು ಎದುರು ಕೂತು ಮಾತಾಡುವುದು ಕಡಿಮೆ, ಜೊತೆಗೆ ನಡೆಯುವಾಗ ಮಾತಾಡುತ್ತಾರೆ. ಪಾಂಡವಪುರದ ಕಡೆ ಆಲೆಮನೆ ನಡೆಸಿದ್ದ ಒಬ್ಬ ಯಜಮಾನರು ಹೆಂಡತಿ ಹೋದ ಮೇಲೆ ಜಗಲಿ ಬಿಟ್ಟು ಇಳಿಯುತ್ತಿರಲಿಲ್ಲ. ಪಕ್ಕದ ಬೀದಿಯ ಹುಡುಗ ಹೊಸದಾಗಿ ಬೆಲ್ಲದ ಕೆಲಸಕ್ಕೆ ಕೈಹಾಕಿದ್ದ, ಪಾಕದ ಹದ ಹಿಡಿಯುತ್ತಿರಲಿಲ್ಲ. ಅವನು ದಿನಾ ಬಂದು ಗಾಡಿಯಲ್ಲಿ ಕೂರಿಸಿಕೊಂಡು ಹೋಗತೊಡಗಿದ. ಕುದಿಯುವ ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ 'ಇನ್ನೊಂದ್ ಗಳಿಗೆ ಇರ್ಲಿ ಕಣ್ಲಾ' ಅನ್ನುವುದು ಇವರ ಕೆಲಸ. ಅಲ್ಲಿ ಜೊತೆಗಾರ ಯಾರು, ಯಾರಿಗೆ ಯಾರು ಸಹಾಯ ಮಾಡಿದರು ಅಂತ ಹೇಳಲು ಆಗುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಜೊತೆಗಾತಿಯ ಕೆಲಸ ಮನೆಯಿಂದ ಆಚೆಗೂ ಹೋಗಬೇಕು. ಅವಳೊಬ್ಬಳೇ ಅಮ್ಮನ ಪ್ರಪಂಚ ಆಗಿಬಿಟ್ಟರೆ ಪರೀಕ್ಷೆ ಮುಗಿಸಿ ಅವಳು ಊರಿಗೆ ಹೋದ ದಿನ ಮತ್ತೆ ಮೊದಲಿನ ಕಥೆಯೇ. ಅಮ್ಮನ ಹಳೆಯ ಡೈರಿಯಲ್ಲಿ ಇರುವ ನಂಬರುಗಳಿಗೆ ಒಂದೊಂದಾಗಿ ಫೋನ್ ಮಾಡಿಕೊಡಲಿ. ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರ ಟಿಕೆಟ್ಟಿಗೆ ದುಡ್ಡಿಲ್ಲ. ಇಬ್ಬರೂ ಒಂದು ಬುತ್ತಿ ಕಟ್ಟಿಕೊಂಡು ನಂಜನಗೂಡಿಗೋ ಚಾಮುಂಡಿ ಬೆಟ್ಟಕ್ಕೋ ಹೋಗಿಬರಲಿ. ಮಂಡಿನೋವು ಇರುವುದರಿಂದ ರಜೆ ದಿನ, ಜಾತ್ರೆ ದಿನ ಬೇಡ.

ಎಚ್ಚರದ ಮಾತುಗಳನ್ನು ಬೇಗ ಹೇಳಿಬಿಡುತ್ತೇನೆ. ಆಧಾರ್ ನಕಲು, ಊರಿನ ವಿಳಾಸ, ಮನೆಯವರ ನಂಬರು ತೆಗೆದುಕೊಳ್ಳಿ. ಪೊಲೀಸ್ ಪರಿಶೀಲನೆ ಮಾಡಿಸಿ, ಅದನ್ನು ಅನುಮಾನ ಅಂತ ಅಲ್ಲ, ಎಲ್ಲರಿಗೂ ಮಾಡುವ ಕ್ರಮ ಅಂತ ಮೊದಲೇ ತಿಳಿಸಿ. ಎಟಿಎಂ ಕಾರ್ಡು, ಫೋನ್‌ಪೇ ಪಿನ್, ಬೀರುವಿನ ಕೀ ಅವರ ಕೈಗೆ ಹೋಗಬಾರದು. ಸಾಲ ಕೇಳಿದರೆ 'ಮಗಳನ್ನು ಕೇಳಿ' ಅನ್ನಲಿ. ಸಂಬಳ ನೀವೇ ಕಳಿಸಿ, ಅಮ್ಮನ ಕೈಯಿಂದ ಹಬ್ಬಕ್ಕೆ ಒಂದು ಸೀರೆಯೋ ಪುಸ್ತಕವೋ ಕೊಡಿಸಿ.

ಫಲ ಸಿಗುತ್ತಿದೆಯಾ ಅಂತ ತಿಳಿಯಲು ಸಂಶೋಧಕರು ಬಳಸುವ ಮೂರು ಪ್ರಶ್ನೆಗಳಿವೆ. ಜೊತೆಗೆ ಯಾರೂ ಇಲ್ಲ ಅನ್ನಿಸುತ್ತದಾ? ಎಲ್ಲರೂ ನನ್ನನ್ನು ಬಿಟ್ಟುಬಿಟ್ಟಿದ್ದಾರೆ ಅನ್ನಿಸುತ್ತದಾ? ಜನರಿಂದ ದೂರ ಆಗಿದ್ದೇನೆ ಅನ್ನಿಸುತ್ತದಾ? ಇಲ್ಲ ಅಥವಾ ಅಪರೂಪಕ್ಕೆ ಅಂದರೆ 1, ಕೆಲವು ಸಲ ಅಂದರೆ 2, ಬಹಳ ಸಲ ಅಂದರೆ 3. ಕೂಡಿದರೆ 3ರಿಂದ 9ರೊಳಗೆ ಬರುತ್ತದೆ. 6 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಒಂಟಿತನ ಇದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮಾತಿನ ನಡುವೆ ಮೆಲ್ಲಗೆ ಕೇಳಿ, ಬರೆದಿಟ್ಟುಕೊಳ್ಳಿ. ಎರಡು ತಿಂಗಳ ನಂತರ ಮತ್ತೆ ಕೇಳಿ.

ಕೆಲವಕ್ಕೆ ಜೊತೆಯೊಂದೇ ಸಾಲದು. ಎರಡು ವಾರದಿಂದ ಊಟ ಸೇರದು, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದು, ಸ್ನಾನ ಪೂಜೆ ಬೇಡ, ಮೈಯೆಲ್ಲ ನೋವು ಅಂದರೆ ಅದು ಖಿನ್ನತೆ ಇರಬಹುದು. ನಮ್ಮ ಹಿರಿಯರು ದುಃಖ ಅನ್ನುವುದಿಲ್ಲ, ಮೈಕೈ ನೋವು ಅನ್ನುತ್ತಾರೆ. 'ದೇವರು ಯಾಕೆ ಇನ್ನೂ ಕರ್ಕೊಂಡಿಲ್ವೋ' ಅನ್ನುವುದು ಪದೇ ಪದೇ ಬಂದರೆ ತಳ್ಳಿಹಾಕಬೇಡಿ, ಮನೋವೈದ್ಯರ ಹತ್ತಿರ ಹೋಗಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಿರಿಯರ ಬೇರೆ ತೊಂದರೆಗಳಿಗೆ ಎಲ್ಡರ್‌ಲೈನ್ 14567 ಇದೆ. ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ಗೊಂದಲ, ಅಸಂಬದ್ಧ ಮಾತು ಶುರುವಾದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ.

ನಿಮ್ಮ ಫೋನಿಗೂ ಒಂದು ಹೊತ್ತು ಇಡಿ. ರಾತ್ರಿ ಎಂಟೂವರೆ ಅಂದರೆ ಎಂಟೂವರೆ. ಆಗ ಅಮ್ಮನ ಆರೋಗ್ಯ ವಿಚಾರಿಸುವುದಕ್ಕಿಂತ ನಿಮ್ಮ ಆಫೀಸಿನ ಕಷ್ಟ ಹೇಳಿಕೊಳ್ಳಿ. ಹುಳಿಗೆ ಬೇಳೆ ಎಷ್ಟು ಅಂತ ಕೇಳಿ. ಮಗಳಿಗೆ ತಾನು ಇನ್ನೂ ಬೇಕು ಅನ್ನುವುದು ಅವರಿಗೆ ಕೇಳಿಸಲಿ.

ಕೊನೆಗೆ ಗೊಂಬೆ. ಪಟ್ಟದ ಗೊಂಬೆಗಳು ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇರಬೇಕು ಅಲ್ವಾ? ಬರುವ ಹುಡುಗಿಗೆ ಮೊದಲ ಕೆಲಸವಾಗಿ ಅದನ್ನು ಇಳಿಸಿಕೊಡಲು ಹೇಳಿ. ಒಂದೊಂದನ್ನೇ ಒರೆಸುವಾಗ ಯಾವುದು ತವರಿನಿಂದ ಬಂದಿದ್ದು, ಯಾವುದು ಅಪ್ಪ ದಸರಾ ವಸ್ತುಪ್ರದರ್ಶನದಲ್ಲಿ ಕೊಡಿಸಿದ್ದು ಅಂತ ಅಮ್ಮ ಹೇಳಲಿ. ಮುತ್ತೈದೆಯರೇ ಕೂರಿಸಬೇಕು ಅಂತ ಅಮ್ಮನ ಮನಸ್ಸಿನಲ್ಲಿ ಇದ್ದರೆ ವಾದ ಬೇಡ. ಪಾಡ್ಯದ ದಿನ ನೀವೇ ಬಂದು ರಾಜ ರಾಣಿಯನ್ನು ಇಟ್ಟು ಆರತಿ ಮಾಡಿ. ಕೆಳಗಿನ ಮೆಟ್ಟಿಲುಗಳೆಲ್ಲ ಅಮ್ಮನದು. ಸಂಜೆ ಬೀದಿಯ ಮಕ್ಕಳು ಗೇಟಿನ ಹತ್ತಿರ ನಿಂತು 'ಗೊಂಬೆ ಕೂರ್ಸಿದ್ದೀರಾ?' ಅಂತ ಕೂಗಲು ಬರುತ್ತಾರೆ. ಗೊಂಬೆ ಬಾಗಿನಕ್ಕೆ ಒಂಬತ್ತು ದಿನಕ್ಕೆ ಒಂಬತ್ತು ತಿಂಡಿ ಯಾವುದು, ಕೋಡುಬಳೆಗೆ ಹಿಟ್ಟು ಎಷ್ಟು ಕಲಸಬೇಕು ಅನ್ನುವುದನ್ನು ಅವರನ್ನೇ ಕೇಳಿ ಈಗಲೇ ಪಟ್ಟಿ ಬರೆದುಕೊಳ್ಳಿ.